ಜೈಂಟ್ಸ್ ಕಾಸ್‌ವೇಯ ಕಲ್ಲುಕಂಬಗಳ ನಡುವೆ

ಕ್ರೂಸ್ ಹಡಗು ಬೆಲ್‌ಫಾಸ್ಟ್ ಬಂದರಿನಲ್ಲಿ ನಿಂತ ದಿನ ನಾವು ಉತ್ತರ ಐರ್ಲೆಂಡಿನ ಆಂಟ್ರಿಮ್ ಕರಾವಳಿಯ ಬಸ್ ಪ್ರವಾಸವನ್ನು ಆರಿಸಿಕೊಂಡೆವು. ಸುಮಾರು 6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ತಣಿದು, ಕುಗ್ಗಿ, ಬಿರುಕುಬಿಟ್ಟು ರೂಪುಗೊಂಡ ಸುಮಾರು 40,000 ಬಸಾಲ್ಟ್ ಕಂಬಗಳು ಈ ಕರಾವಳಿಯ ಜೈಂಟ್ಸ್ ಕಾಸ್‌ವೇಯಲ್ಲಿ ಮೆಟ್ಟಿಲುಗಳಂತೆ ಸಮುದ್ರಕ್ಕೆ ಇಳಿಯುತ್ತವೆ. ಹೆಚ್ಚಿನವು ಆರು ಮೂಲೆಯವು. ಕೆಲವು ಕಂಬಗಳ ತಲೆ ತುಸು ತಗ್ಗಾಗಿದ್ದು, ಅಲ್ಲಿ ಅಂಗೈಯಷ್ಟು ನೀರು ನಿಂತಿತ್ತು. ಅಲೆ ಬಡಿಯುವ ಅಂಚಿನ ಕಪ್ಪು ಕಲ್ಲುಗಳು ವಿಪರೀತ ಜಾರುವುದರಿಂದ ಒಳ್ಳೆಯ ಹಿಡಿತವಿರುವ ಬೂಟುಗಳು ಬೇಕೇ ಬೇಕು. ಸ್ಕಾಟ್ಲೆಂಡಿನ ದೈತ್ಯನನ್ನು ಎದುರಿಸಲು ಐರಿಷ್ ದಂತಕಥೆಯ ದೈತ್ಯ ಫಿನ್ ಮೆಕೂಲ್ ಕಟ್ಟಿದ ದಾರಿಯಿದು ಎಂಬ ಐತಿಹ್ಯವು, ಅಂಥವೇ ಕಂಬಗಳು ಸ್ಕಾಟ್ಲೆಂಡಿನ ಸ್ಟಾಫಾ ದ್ವೀಪದಲ್ಲಿಯೂ ಇವೆಯೆಂದು ತಿಳಿದ ಮೇಲೆ, ನನಗೆ ಇನ್ನಷ್ಟು ಪ್ರಿಯವಾಯಿತು. ಸಾಲ್ಮನ್ ಮೀನುಗಾರರು 1755ರಲ್ಲಿ ಮೊದಲು ಕಟ್ಟಿದ ಕ್ಯಾರಿಕ್-ಎ-ರೀಡ್ ಹಗ್ಗದ ಸೇತುವೆಯನ್ನು ದೂರದಿಂದಲೇ ನೋಡಿದೆವು. ಸಮಯ ಕಡಿಮೆಯಿದ್ದರೆ ಈ ಕಲ್ಲುಕಂಬಗಳಿಗೇ ಹೆಚ್ಚು ಹೊತ್ತು ಮೀಸಲಿಡುವುದು ಒಳಿತೆಂಬುದು ನನ್ನ ಅಭಿಪ್ರಾಯ.