ಅಕ್ಕಿ ಚೀಲದಲ್ಲಿ ಲ್ಯಾಪ್‌ಟಾಪ್, ದುರ್ಗದಲ್ಲಿ ಕೋತಿ

ತುಮಕೂರಿನ ಹತ್ತಿರದ ದೇವರಾಯನದುರ್ಗ ಬೆಟ್ಟಕ್ಕೆ ಹೋಗುವ ದಿನ ಸಂಜೆಯೊಳಗೆ ಆಫೀಸಿಗೆ ಒಂದು ಫೈಲ್ ಕಳಿಸಬೇಕಿತ್ತು. ಹಾಗಾಗಿ ಲ್ಯಾಪ್‌ಟಾಪ್ ಬಿಟ್ಟು ಹೋಗುವ ಹಾಗಿರಲಿಲ್ಲ. ಕಂಪನಿ ಹೆಸರಿನ ಬ್ಯಾಗ್ ಹಾಕಿಕೊಂಡು ಜನರಲ್ ಬೋಗಿ ಹತ್ತಿದರೆ ಒಳಗೇನಿದೆ ಅಂತ ಡಂಗುರ ಸಾರಿದ ಹಾಗೆ, ಅಲ್ವಾ? ಅದಕ್ಕೇ ಮನೆಯಲ್ಲೇ ಕವರ್ ಹೊಲಿದೆ.

ಮೂಲೆಯಲ್ಲಿ ಬಿದ್ದಿದ್ದ 6 ಮಿ.ಮೀ. ದಪ್ಪದ ಯೋಗ ಮ್ಯಾಟ್ ಇತ್ತು. ನನ್ನದು 14 ಇಂಚಿನ ಲ್ಯಾಪ್‌ಟಾಪ್, ಸುಮಾರು 32 ಸೆಂ.ಮೀ. ಉದ್ದ, 22 ಅಗಲ. ಮ್ಯಾಟನ್ನು 70 ಸೆಂ.ಮೀ. ಉದ್ದ, 27 ಅಗಲಕ್ಕೆ ಕತ್ತರಿಸಿ ನಡುವೆ ಮಡಚಿದೆ. ಅಗಲ ಜಾಸ್ತಿ ಬಿಟ್ಟಿದ್ದು ಲ್ಯಾಪ್‌ಟಾಪಿನ ದಪ್ಪಕ್ಕೂ ಹೊಲಿಗೆಗೂ. ಮೊದಲು ಅಂಟು ಹಚ್ಚಿದ್ದೆ, ರಾತ್ರಿ ಕಳೆಯುವುದರೊಳಗೆ ಬಿಟ್ಟುಕೊಂಡಿತು. ಆಮೇಲೆ ದಬ್ಬಣ, ಗೋಣಿ ದಾರವೇ ಗತಿ. ಒಳಗೆ ಹಳೇ ಪಂಚೆಯ ಲೈನಿಂಗ್. ಬಾಯಿಗೆ ವೆಲ್ಕ್ರೋ, ಜಿಪ್ ಬೇಡ, ಹಲ್ಲು ತಾಗಿ ಗೀರು ಬೀಳುತ್ತದೆ. ಕೆಳಗಿನ ಎರಡು ಮೂಲೆಗೆ ಮ್ಯಾಟಿನ ಚೂರು ಇನ್ನೊಂದು ಪದರ ಹಾಕಿ. ಬಿದ್ದರೆ ಮೊದಲು ಪೆಟ್ಟು ತಿನ್ನುವುದು ಅದೇ. ಖರ್ಚು ವೆಲ್ಕ್ರೋದ್ದು ಮಾತ್ರ, 30 ರೂಪಾಯಿ.

ಇಷ್ಟನ್ನೂ ಹತ್ತು ಕೆಜಿಯ ಖಾಲಿ ಅಕ್ಕಿ ಚೀಲಕ್ಕೆ ಇಳಿಸಿದೆ. ಯಶವಂತಪುರದಲ್ಲಿ ರೈಲು ಹತ್ತಿದೆ. ಬೆಳಗ್ಗೆ ತುಮಕೂರಿನಿಂದ ಬೆಂಗಳೂರಿಗೆ ಬರುವವರೇ ಹೆಚ್ಚು, ನಮ್ಮ ದಿಕ್ಕಿಗೆ ಸೀಟು ಸಿಕ್ಕಿತು. ಎದುರಿಗಿದ್ದ ಅಜ್ಜಿ, "ಹಳೇ ಅಕ್ಕೀನೇನಪ್ಪಾ?" ಅಂದರು. ಹೂಂ ಅಂದೆ.

ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಆಟೋದಲ್ಲಿ ನಾಮದ ಚಿಲುಮೆ ನೋಡಿಕೊಂಡು ದುರ್ಗ ಸೇರಿದೆ. ಭೋಗನರಸಿಂಹನ ದರ್ಶನ ಸುಸೂತ್ರ. ಮೇಲೆ ಯೋಗನರಸಿಂಹನ ಕಡೆ ಮೆಟ್ಟಿಲು ಹತ್ತುವಾಗ ಒಂದು ಗಡವ ಕೋತಿ ಬಂದು ಚೀಲಕ್ಕೇ ಕೈ ಹಾಕಿತು. ಅಕ್ಕಿ ಚೀಲ ಕಂಡರೆ ಅದು ಇನ್ನೇನು ಮಾಡೀತು ಪಾಪ! ಎಳೆದಾಟದಲ್ಲಿ ಚೀಲ ಹರಿದು, ಕವರ್ ಎರಡು ಮೆಟ್ಟಿಲು ಕೆಳಗೆ ಬಿತ್ತು, ಅದೂ ಮೂಲೆ ಊರಿ. ತೆಗೆದು ನೋಡಿದರೆ ಲ್ಯಾಪ್‌ಟಾಪಿಗೆ ಏನೂ ಆಗಿರಲಿಲ್ಲ.

ನೀವು ಹೋಗುವುದಾದರೆ ಹೊರಗಿನ ಚೀಲಕ್ಕೆ ಹಳೇ ಜೀನ್ಸ್ ಬಟ್ಟೆ ಹೊಲಿಯಿರಿ. ಪ್ಲಾಸ್ಟಿಕ್ ಚೀಲ, ತಿಂಡಿ ಪೊಟ್ಟಣ ಕೈಯಲ್ಲಿ ಬೇಡವೇ ಬೇಡ. ಕವರಿಗೆ ಹಾಕುವ ಮುಂಚೆ ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ. ಸುಮ್ನೆ ಮುಚ್ಚಿಟ್ಟರೆ ಒಳಗೆ ಓಡುತ್ತಿರಬಹುದು, ಮ್ಯಾಟ್ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಮಳೆಗಾಲವಾದರೆ ಜೀನ್ಸ್‌ಗೂ ಮ್ಯಾಟಿಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಇರಲಿ, ದಬ್ಬಣದ ತೂತಿನಿಂದ ನೀರು ಇಳಿಯುತ್ತದೆ.

ಫೈಲನ್ನು ಸಂಜೆ ತುಮಕೂರಿನ ಲಾಡ್ಜಿನಿಂದ ಕಳಿಸಿದೆ.