ಲಾರಿ ಬರದಿದ್ರೆ ನಮ್ಮೂರು ಎಷ್ಟು ದಿನ ಉಣ್ಣುತ್ತದೆ?

ಹೋದ ತಿಂಗಳು ಕೋಲಾರದ ಹತ್ತಿರ ನಮ್ಮೂರಿಗೆ ಹೋಗಿದ್ದಾಗ ಒಂದು ತಲೆಹರಟೆ ಕೆಲಸ ಮಾಡಿದೆ. ದೊಡ್ಡಮ್ಮನ ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ, ಇದು ಎಲ್ಲಿಂದ ಬಂತು, ಅದು ಎಲ್ಲಿಂದ ಬಂತು ಅಂತ ಕೇಳುತ್ತಾ ಕೂತೆ. "ಏನಪ್ಪಾ, ರೇಷನ್ ತನಿಖೆಗೆ ಬಂದವನ ಥರ ಕೇಳ್ತಾ ಇದೀಯಾ?" ಅಂತ ಬೈದರು.

ರಾಗಿ ಹೊಲದ್ದು. ಹಾಲು ಮನೆ ಹಸುವಿನದು. ಹುರುಳಿ ಪಕ್ಕದ ಮನೆಯವರದು. ಆಮೇಲೆ ಪಟ್ಟಿ ಸೀದಾ ಊರು ಬಿಟ್ಟು ಓಡಿತು. ಅಕ್ಕಿ ರೇಷನ್‌ದು. ತೊಗರಿಬೇಳೆ ಅಂಗಡಿಯದು. ಕಲಬುರಗಿಯಲ್ಲಿ ಅಷ್ಟು ತೊಗರಿ ಬೆಳೆದರೂ ದೇಶಕ್ಕೆ ಸಾಲದೆ ಮ್ಯಾನ್ಮಾರ್, ಮೊಜಾಂಬಿಕ್‌ನಿಂದೆಲ್ಲ ತರಿಸುತ್ತಾರೆ. ಸೂರ್ಯಕಾಂತಿ ಎಣ್ಣೆ ಪ್ಯಾಕೆಟ್ಟಿನದು, ಅದರಲ್ಲಿ ಬಹುಪಾಲು ಉಕ್ರೇನ್ ಕಡೆಯಿಂದ ಬರುತ್ತಿತ್ತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ನಮ್ಮೂರಿನ ಒಗ್ಗರಣೆ ದುಬಾರಿಯಾಗಿದ್ದು ಅದಕ್ಕೇ.

ಮೊದಲು ಹೀಗಿರಲಿಲ್ಲ. ರಾಗಿ ಬಿತ್ತುವಾಗ ನಡುನಡುವೆ ಅಕ್ಕಡಿ ಸಾಲು ಬಿಡುತ್ತಿದ್ದರು. ಅದರಲ್ಲಿ ಅವರೆ, ತೊಗರಿ, ಜೋಳ, ಸಾಸಿವೆ, ಹುಚ್ಚೆಳ್ಳು. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಹಿಂಗಾರಿನ ಎರಡು ಹನಿಗೆ ಅವರೆಯೋ ತೊಗರಿಯೋ ಎದ್ದು ನಿಲ್ಲುತ್ತಿತ್ತು. ಮುದ್ದೆ, ಸಾರು, ಒಗ್ಗರಣೆಯ ಎಣ್ಣೆ, ದನಕ್ಕೆ ಹುಲ್ಲು, ಎಲ್ಲ ಒಂದೇ ಹೊಲದಲ್ಲಿ.

ಮಿಕ್ಕ ರಾಗಿ ಹಗೇವಿಗೆ. ನೆಲದೊಳಗೆ ತೋಡಿದ ಕಣಜ ಅದು, ಬಾಯಿ ಸಣ್ಣದು, ಮೇಲೊಂದು ಚಪ್ಪಡಿ, ಸುತ್ತ ಮಣ್ಣು ಮೆತ್ತಿದರೆ ಒಳಗೆ ಗಾಳಿ ಆಡುವುದಿಲ್ಲ, ಹುಳ ಬದುಕುವುದಿಲ್ಲ, ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆದ ತಕ್ಷಣ ಇಳಿಯುವ ಹಾಗಿಲ್ಲ ಅಂತ ದೊಡ್ಡಮ್ಮ ಈಗಲೂ ಎಚ್ಚರಿಸುತ್ತಾರೆ. ಹಗ್ಗಕ್ಕೆ ದೀಪ ಕಟ್ಟಿ ಬಿಡಬೇಕಂತೆ, ಅದು ಆರಿದರೆ ಮನುಷ್ಯನೂ ಆರಿದ ಹಾಗೆ. ಈಗ ಆ ಚಪ್ಪಡಿ ಮೇಲೆ ಅಣ್ಣನ ಟೊಮ್ಯಾಟೊ ಕ್ರೇಟುಗಳಿವೆ.

ಟೊಮ್ಯಾಟೊ ಬೈಯುವುದು ಸುಲಭ. ಆದ್ರೆ 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದಾಗ ಎಷ್ಟೋ ಮನೆಗಳ ಸಾಲ ತೀರಿತು. ಬೆಲೆ ಬಿದ್ದ ವರ್ಷ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿದವರೂ ಇವರೇ. ರಾಗಿಗೆ 2023ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 3,846 ರೂಪಾಯಿ. ಅಣ್ಣ ಯಾವುದನ್ನು ಆರಿಸಬೇಕಿತ್ತು, ನೀವೇ ಹೇಳಿ.

ಹಾಗಂತ "ಎಲ್ಲ ನಮ್ಮೂರಲ್ಲೇ ಬೆಳೀಬೇಕು" ಅನ್ನುವ ಗುಂಪಿನವನಲ್ಲ ನಾನು. ಹಗೇವು ಇದ್ದದ್ದು ಹೊಲ ಇದ್ದವರಿಗೆ. ಇಲ್ಲದವರು ಅವರ ಮುಂದೆ ಸಾಲಕ್ಕೆ ನಿಲ್ಲಬೇಕಿತ್ತು. 2020ರ ಲಾಕ್‌ಡೌನ್‌ನಲ್ಲಿ ಕೂಲಿ ನಿಂತವರ ಮನೆ ಒಲೆ ಉರಿದಿದ್ದು ರೇಷನ್ ಅಕ್ಕಿಯಿಂದ. 2023ರ ಬರವನ್ನೇ ನೋಡಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಅಂಥ ವರ್ಷ ಬರೀ ಊರಿನ ಬೆಳೆ ನೆಚ್ಚಿಕೊಂಡರೆ ಉಪವಾಸವೇ. ಆದರೆ ಅದೇ ವರ್ಷ ಅನ್ನಭಾಗ್ಯಕ್ಕೆ ಹೆಚ್ಚುವರಿ 5 ಕೆಜಿ ಅಕ್ಕಿ ಹೊರಗಿನಿಂದ ಸಿಗದೆ, ಸರ್ಕಾರ ಕೆಜಿಗೆ 34ರ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. ದುಡ್ಡಿದ್ದರೂ ಅಕ್ಕಿ ಸಿಗದ ದಿನ ಬರುತ್ತದೆ, ಅಲ್ವಾ? ನನ್ನ ಪ್ರಕಾರ ಲಾರಿಯೂ ಬರಬೇಕು, ಅದು ತಡವಾದರೆ ಎರಡು ತಿಂಗಳು ತಳ್ಳುವಷ್ಟು ಕಾಳು ಊರಲ್ಲೂ ಇರಬೇಕು. ನಾನು ಲೆಕ್ಕ ಹಾಕಿದಂತೆ ದೊಡ್ಡಮ್ಮನ ಮನೆಯಲ್ಲಿ ರಾಗಿ ಮುಂದಿನ ಸುಗ್ಗಿವರೆಗೆ ಸಾಕು, ಬೇಳೆ ಹನ್ನೆರಡು ದಿನ, ಎಣ್ಣೆ ಒಂದು ವಾರ.

ಸಂಜೆ ಅಣ್ಣನಿಗೆ, "ಈ ಸಲ ಅಕ್ಕಡಿ ಸಾಲು ಹಾಕೋಣ್ವಾ?" ಅಂದೆ. ನಕ್ಕ. "ರಾಗಿ ಕೊಯ್ಯೋದು ಮಿಷನ್ನು ಕಣೋ. ಗಂಟೆ ಲೆಕ್ಕದಲ್ಲಿ ಬಾಡಿಗೆ. ಅವನು ನಿನ್ನ ಅವರೆ ಸಾಲು ನೋಡ್ಕೊಂಡು ಬಿಟ್ಟು ಬಿಟ್ಟು ಹೊಡೀತಾನಾ?"

ಕುಡುಗೋಲು ಹಿಡಿಯೋಕೆ ಆಳು ಸಿಗಲ್ಲ, ಸಿಕ್ಕರೂ ಕೂಲಿ ಗಿಟ್ಟಲ್ಲ. ನನ್ನ ಹತ್ರ ಉತ್ತರ ಇರಲಿಲ್ಲ. ಕೊನೆಗೆ ಮನೆ ಹಿಂದೆ, ಮಿಷನ್ ತಿರುಗದ ಮೂಲೆಯ ನಾಲ್ಕು ಗುಂಟೆಗೆ ಮಾತ್ರ ಒಪ್ಪಿದ. ಹುಚ್ಚೆಳ್ಳಿನ ಬೀಜ ಮನೆಯಲ್ಲಿಲ್ಲ, ಯಾರ ಹತ್ರ ಇದೆ ಅಂತ ದೊಡ್ಡಮ್ಮ ವಿಚಾರಿಸುತ್ತಿದ್ದಾರೆ.