ಭಾನುವಾರದ ಗಲ್ಲಾ, ಸೋಮವಾರದ ಎತ್ತು

ಇಂಗ್ಲೆಂಡಿನ ಗ್ರಾಂಥಮ್‌ ಊರಿಗೆ ಬಂದ ಹೊಸತು. ಒಂದು ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಸೂಪರ್‌ಮಾರ್ಕೆಟ್‌ಗೆ ಹೋದೆ. ಬಾಗಿಲು ತೆಗೆದಿತ್ತು, ದೀಪ ಉರಿಯುತ್ತಿತ್ತು. ಮೊಸರು, ಈರುಳ್ಳಿ, ಒಂದು ಕಟ್ಟು ಕೊತ್ತಂಬರಿ ತಳ್ಳುಗಾಡಿಗೆ ಹಾಕಿಕೊಂಡು ಗಲ್ಲಾ ಹತ್ತಿರ ಬಂದೆ. ಹುಡುಗಿ ಕೂತಿದ್ದಾಳೆ, ದುಡ್ಡು ಮಾತ್ರ ತಗೊಳ್ಳುತ್ತಿಲ್ಲ. "ಹತ್ತು ಗಂಟೆಯಾಗಲಿ" ಎಂದಳು. ನೋಡಬಹುದು, ಆರಿಸಬಹುದು, ಗಾಡಿ ತುಂಬಬಹುದು. ಕೊಳ್ಳುವ ಹಾಗಿಲ್ಲ. ನನ್ನ ಹಿಂದೆ ಆರೇಳು ಜನ ಗಾಡಿ ಹಿಡಿದು ನಿಂತರು. ಯಾರೂ ಗೊಣಗಲಿಲ್ಲ. ಹತ್ತು ಹೊಡೆಯಿತು, ಗಲ್ಲಾ ಕುಯ್ಯೆಂದಿತು, ಸಾಲು ಮುಂದೆ ಸರಿಯಿತು.

ಮುಂದಿನ ವಾರ ಬುದ್ಧಿ ಬಂತು ಅಂದುಕೊಂಡು ಸಂಜೆ ಹೋದೆ. ನಾಲ್ಕೂಕಾಲು. ಬಾಗಿಲು ಹಾಕಿತ್ತು.

ಇದು 1994ರ ಕಾನೂನು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 280 ಚದರ ಮೀಟರ್‌ಗಿಂತ ದೊಡ್ಡ ಅಂಗಡಿ ಭಾನುವಾರ ಆರು ಗಂಟೆ ಮಾತ್ರ ವ್ಯಾಪಾರ ಮಾಡಬಹುದು. ಅದೂ ಬೆಳಿಗ್ಗೆ ಹತ್ತರಿಂದ ಸಂಜೆ ಆರರ ಒಳಗೆ. ಈಸ್ಟರ್ ಭಾನುವಾರ ಪೂರ್ತಿ ಬಂದ್. 280 ಚದರ ಮೀಟರ್ ಅಂದರೆ ಸುಮಾರು 3,000 ಚದರ ಅಡಿ, ಬೆಂಗಳೂರಿನ 40x60 ಸೈಟಿಗಿಂತ ಸ್ವಲ್ಪ ದೊಡ್ಡದು. ಅದಕ್ಕಿಂತ ಚಿಕ್ಕ ಅಂಗಡಿಗೆ ಈ ಗಂಟೆಯ ಲೆಕ್ಕ ಇಲ್ಲ.

ವ್ಯಾಪಾರದ ಸ್ವಾತಂತ್ರ್ಯ ಅಂತ ಊರಿಗೆಲ್ಲ ಪಾಠ ಹೇಳಿದ ದೇಶದಲ್ಲಿ ಮೊಸರಿಗೆ ಗಡಿಯಾರವೇ ಅಂತ ನಗು ಬಂತು. ಆಮೇಲೆ ಇದರ ಕಥೆ ಕೆದಕುತ್ತಾ ಹೋದ ಹಾಗೆ, ಇಲ್ಲಿ ಕನ್ಸರ್ವೇಟಿವ್ ಅನ್ನುವ ಒಂದೇ ಹಲಗೆಯ ಕೆಳಗೆ ಎರಡು ಬೇರೆ ಬೇರೆ ಅಂಗಡಿ ನಡೆಯುತ್ತಿವೆ ಅಂತ ಗೊತ್ತಾಯಿತು, ಒಂದು ಮುಕ್ತ ಮಾರುಕಟ್ಟೆಯದು, ಇನ್ನೊಂದು ಸಂಪ್ರದಾಯದ್ದು. ಊರಲ್ಲಿರುವವರು ಎರಡನ್ನೂ ಸೇರಿಸಿ 'ಬಲಪಂಥ' ಅಂದುಬಿಡುತ್ತೀರಿ. ನಾನೂ ಹಾಗೇ ಅನ್ನುತ್ತಿದ್ದೆ.

ಗ್ರಾಂಥಮ್‌ನಲ್ಲೇ ಇದ್ದು ಈ ವಿಷಯ ತಪ್ಪಿಸಿಕೊಳ್ಳೋದು ಕಷ್ಟ. ಕನ್ಸರ್ವೇಟಿವ್ ಪಕ್ಷದ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಹುಟ್ಟಿದ್ದು ಈ ಊರಲ್ಲೇ, 1925ರಲ್ಲಿ. ಅಪ್ಪ ಆಲ್ಫ್ರೆಡ್ ರಾಬರ್ಟ್ಸ್ ದಿನಸಿ ವ್ಯಾಪಾರಿ. ನಾರ್ತ್ ಪೆರೇಡ್‌ನ ಮೂಲೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಗೋಡೆಯ ಮೇಲೆ ಅವರ ಹೆಸರಿನ ಫಲಕವಿದೆ. ಪೇಟೆಯಲ್ಲಿ 2022ರಲ್ಲಿ ಎತ್ತರದ ಪೀಠ ಕಟ್ಟಿ ಪ್ರತಿಮೆ ನಿಲ್ಲಿಸಿದರು. ನಿಲ್ಲಿಸಿದ ದಿನವೇ ಮೊಟ್ಟೆ ಬಿತ್ತು. ಪೀಠ ಯಾಕೆ ಅಷ್ಟು ಎತ್ತರ ಅಂತ ಯಾರೂ ಕೇಳಲಿಲ್ಲ.

ಅಪ್ಪ ಮೆಥೊಡಿಸ್ಟ್ ಚರ್ಚಿನಲ್ಲಿ ಉಪದೇಶವನ್ನೂ ಮಾಡುತ್ತಿದ್ದವರು. ವಾರದಲ್ಲಿ ಆರು ದಿನ ತಕ್ಕಡಿ, ಏಳನೇ ದಿನ ಚರ್ಚು. ಭಾನುವಾರ ಮಗಳು ಚರ್ಚಿಗೂ ಭಾನುವಾರದ ಶಾಲೆಗೂ ಓಡಾಡುವುದರಲ್ಲೇ ದಿನ ಮುಗಿಯುತ್ತಿತ್ತು. ಆಟ ಕೂಡ ಇಲ್ಲ. ಅಂದರೆ ಮಾರುಕಟ್ಟೆ ಕೆಳಗಿನ ಅಂತಸ್ತು, ಸಂಪ್ರದಾಯ ಮೇಲಿನ ಅಂತಸ್ತು. ನಡುವೆ ಒಂದು ಮೆಟ್ಟಿಲು.

ಅದೇ ಮಗಳು ಪ್ರಧಾನಿಯಾಗಿದ್ದಾಗ, 1986ರಲ್ಲಿ, ಭಾನುವಾರದ ನಿರ್ಬಂಧವನ್ನೇ ತೆಗೆದುಹಾಕುವ ಮಸೂದೆ ತಂದರು. ಆಗಿನ 1950ರ ಕಾನೂನು ವಿಚಿತ್ರವಾಗಿತ್ತು ನಿಜ. ಭಾನುವಾರ ಹಸಿ ಹಾಲು ಮಾರಬಹುದು, ಹಾಲಿನ ಪುಡಿ ಮಾರುವ ಹಾಗಿಲ್ಲ. ಬೇರೆ ಹೋಟೆಲಿನವರು ಮೀನು-ಚಿಪ್ಸ್ ಕೊಡಬಹುದು, ಮೀನು-ಚಿಪ್ಸ್ ಅಂಗಡಿಯವರೇ ಕೊಡುವ ಹಾಗಿಲ್ಲ! ಇಂಥದ್ದನ್ನು ಕಿತ್ತುಹಾಕಲು ಎಷ್ಟು ಹೊತ್ತು ಬೇಕು ಅಂತ ಸರ್ಕಾರ ಅಂದುಕೊಂಡಿತ್ತು. 1983ರ ಚುನಾವಣೆಯಲ್ಲಿ ಬಂದಿದ್ದ ಬಹುಮತ 144. ಆದರೂ ಏಪ್ರಿಲ್ 14ರ ರಾತ್ರಿ ಮಸೂದೆ 14 ಮತಗಳಿಂದ ಬಿತ್ತು. ಬೀಳಿಸಿದವರಲ್ಲಿ 72 ಜನ ಅವರದೇ ಪಕ್ಷದವರು. ಪಾದ್ರಿಗಳು, ಅಂಗಡಿ ಕೆಲಸಗಾರರ ಯೂನಿಯನ್, ಲೇಬರ್ ಪಕ್ಷ, ಹಳ್ಳಿಗಾಡಿನ ಟೋರಿಗಳು (ಕನ್ಸರ್ವೇಟಿವ್ ಪಕ್ಷದವರಿಗೆ ಇಲ್ಲಿ ಹಾಗನ್ನುತ್ತಾರೆ), ಎಲ್ಲರೂ ಒಂದೇ ಕಡೆ. ಆಕೆಯ ಹನ್ನೊಂದು ವರ್ಷದ ಆಳ್ವಿಕೆಯಲ್ಲಿ ಸರ್ಕಾರದ ಮಸೂದೆಯೊಂದು ಸಂಸತ್ತಿನ ಕೆಳಮನೆಯಾದ ಕಾಮನ್ಸ್‌ನಲ್ಲಿ ಹೀಗೆ ಪೂರ್ತಿ ಬಿದ್ದದ್ದು ಅದೊಂದೇ. ಅದೇ ರಾತ್ರಿ ಅಮೆರಿಕದ ವಿಮಾನಗಳು ಇಂಗ್ಲೆಂಡಿನ ನೆಲೆಗಳಿಂದ ಹಾರಿ ಲಿಬಿಯಾ ಮೇಲೆ ಬಾಂಬ್ ಹಾಕಿದವು. ಭಾನುವಾರದ ಸುದ್ದಿಯನ್ನು ಯಾರು ಕೇಳುತ್ತಾರೆ?

ಕಲ್ಲಿದ್ದಲು ಗಣಿ ಕಾರ್ಮಿಕರನ್ನೇ ಹಿಂದಿನ ವರ್ಷ ಮಣಿಸಿದ್ದ ಪ್ರಧಾನಿಯನ್ನು ಸೋಲಿಸಿದ್ದು ಒಂದು ರಜೆ. ಈ 72 ಜನ ಏನು ಯೋಚಿಸುತ್ತಿದ್ದರು?

ಅವರ ಮೂಲಪುರುಷ ಎಡ್ಮಂಡ್ ಬರ್ಕ್, ಹದಿನೆಂಟನೇ ಶತಮಾನದ ಸಂಸದ, ಚಿಂತಕ. ಫ್ರಾನ್ಸಿನ ಕ್ರಾಂತಿ ನೋಡಿ ಗಾಬರಿಯಾಗಿ 1790ರಲ್ಲಿ ಬರೆದವರು. ಸಮಾಜ ಅನ್ನುವುದು ಮೆಣಸು, ಕಾಫಿ ವ್ಯಾಪಾರದ ಪಾಲುದಾರಿಕೆಯಂತಲ್ಲ, ಬೇಡವಾದಾಗ ಮುರಿದುಕೊಳ್ಳೋಕೆ ಅಂದರು. ಅದು ಸತ್ತವರು, ಬದುಕಿರುವವರು, ಇನ್ನೂ ಹುಟ್ಟಬೇಕಾದವರು ಸೇರಿ ಮಾಡಿಕೊಂಡ ಪಾಲುದಾರಿಕೆ. (ಮೆಣಸು, ಕಾಫಿ ಅಂದಿದ್ದಕ್ಕೆ ನನಗೆ ಚಿಕ್ಕಮಗಳೂರು ಕಣ್ಣ ಮುಂದೆ ಬಂತು.) ಇದೇ ಬರ್ಕ್ 1785ರಲ್ಲಿ ಆರ್ಕಾಟ್ ನವಾಬನ ಸಾಲದ ಬಗ್ಗೆ ಮಾತಾಡುತ್ತಾ, ನಮ್ಮ ಹೈದರಾಲಿ ಆ ಸೀಮೆಯ ಮೇಲೆ ಬಿದ್ದದ್ದನ್ನು ಮೈ ಜುಂ ಎನ್ನುವ ಹಾಗೆ ಬಣ್ಣಿಸಿದ್ದರು. ಆದರೆ ಅವರ ಸಿಟ್ಟು ಹೈದರ್ ಮೇಲಲ್ಲ. ನವಾಬನಿಗೆ ಸಾಲ ಕೊಟ್ಟು, ಬಡ್ಡಿ ತಿಂದು, ದೇಶವನ್ನೇ ನುಂಗಿದ ಕಂಪನಿ ಸಾಹೇಬರ ಮೇಲೆ. ಹಾಗಂತ ಬರ್ಕ್ ವ್ಯಾಪಾರದ ವೈರಿ ಅಂದುಕೊಳ್ಳಬೇಡಿ. ಆಡಂ ಸ್ಮಿತ್‌ಗೆ ಬೇಕಾದವರು. 1795ರಲ್ಲಿ ಧಾನ್ಯದ ಬೆಲೆ ಏರಿದಾಗ ಸರ್ಕಾರ ಕೈ ಹಾಕಬಾರದು ಎಂದವರೂ ಅವರೇ. ಗೆರೆ ಅಷ್ಟು ಸೊಟ್ಟ.

ಥ್ಯಾಚರ್ ಮೆಚ್ಚಿದ ಗುರು ಬೇರೆ. ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಹಯೆಕ್. ಅವರು 1960ರಲ್ಲೇ 'ನಾನು ಯಾಕೆ ಕನ್ಸರ್ವೇಟಿವ್ ಅಲ್ಲ' ಅಂತ ಒಂದು ಪ್ರಬಂಧವನ್ನೇ ಬರೆದಿದ್ದರು. ಹಳೆಯದು ಅನ್ನುವ ಕಾರಣಕ್ಕೆ ಹಳೆಯದನ್ನು ಹಿಡಿದುಕೊಳ್ಳೋದು, ಬದಲಾವಣೆಗೆ ಹೆದರೋದು ಅವರಿಗೆ ಆಗದು. ಅಂದರೆ ಕನ್ಸರ್ವೇಟಿವ್ ಪಕ್ಷದ ನಾಯಕಿಯ ಗುರು ತಾನು ಕನ್ಸರ್ವೇಟಿವ್ ಅಲ್ಲ ಅಂತ ಬರೆದುಕೊಟ್ಟವರು! ನನಗೆ ಇದಕ್ಕಿಂತ ಚೆನ್ನಾಗಿ ಈ ಎರಡರ ವ್ಯತ್ಯಾಸ ಹೇಳೋಕೆ ಬರಲ್ಲ.

ಅಥವಾ ಬರುತ್ತದೆ, ಎತ್ತಿನ ಕಥೆಯಲ್ಲಿ.

ಹಾವೇರಿ ಕಡೆಯ ನಮ್ಮೂರಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ. ಮಳೆ ಬಿದ್ದು ನೆಲ ಹದವಾಗಿದ್ದರೂ ಅಜ್ಜ ನೊಗ ಮುಟ್ಟುತ್ತಿರಲಿಲ್ಲ. ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಹೊಟ್ಟು-ಹಿಂಡಿ ಇಟ್ಟು ಕಟ್ಟೆಯ ಮೇಲೆ ಕೂರುತ್ತಿದ್ದರು. "ಇವತ್ತು ಹೊಡದ್ರ ಏನಾಕ್ಕೈತಿ ಅಜ್ಜ?" ಅಂತ ಕೇಳಿದ್ದೆ. "ಏನೂ ಆಗಂಗಿಲ್ಲ. ಹೊಡಿಯಂಗಿಲ್ಲ, ಅಷ್ಟ" ಅಂದಿದ್ದರು. ಆಮೇಲೆ ಅಪ್ಪ ಟ್ರ್ಯಾಕ್ಟರ್ ತಂದರು. ಮೊದಲ ಒಂದೆರಡು ತಿಂಗಳು ಸೋಮವಾರ ಅದೂ ಅಂಗಳದಲ್ಲೇ ನಿಂತಿತ್ತು. ಬ್ಯಾಂಕಿನ ಕಂತು ಬಂತು. ಬಾಡಿಗೆಗೆ ಕರೆಯೋರು ಬಂದರು. ಟ್ರ್ಯಾಕ್ಟರಿಗೆ ಎಂಥ ಸೋಮವಾರ? ಅಜ್ಜ ಬೇಡ ಅನ್ನಲಿಲ್ಲ. ಕಟ್ಟೆಯಿಂದ ಎದ್ದು ಒಳಗೆ ಹೋದರು.

ಮುಕ್ತ ಮಾರುಕಟ್ಟೆಯವರು ಕೇಳುವ ಪ್ರಶ್ನೆ ನಾನು ಚಿಕ್ಕವಳಿದ್ದಾಗ ಕೇಳಿದ್ದೇ: ತೆಗೆದರೆ ಏನಾಗುತ್ತೆ? ಯಾರಿಗೆ ಬೇಕೋ ಅವರು ಚರ್ಚಿಗೆ ಹೋಗಲಿ, ಬೇಕಾದವರು ಅಂಗಡಿಗೆ. ಹಳೇ ಟೋರಿಯ ಉತ್ತರ: ರಜೆ ಅನ್ನೋದು ಒಬ್ಬೊಬ್ಬರೇ ತಗೊಳ್ಳುವ ವಸ್ತುವಲ್ಲ. ಎಲ್ಲರಿಗೂ ಒಟ್ಟಿಗೆ ಇದ್ದರೆ ಮಾತ್ರ ಅದು ರಜೆ, ಇಲ್ಲದಿದ್ದರೆ ಕೆಲಸದ ಪಾಳಿ. ನನ್ನ ಗಂಡನಿಗೆ ಬುಧವಾರ ರಜೆ, ನನಗೆ ಶುಕ್ರವಾರ. ಈ ಮಾತು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪಕ್ಕದ ಮನೆಯ ಯಜಮಾನರಿಗೆ ಎಂಬತ್ತು ದಾಟಿದೆ. ಹತ್ತಿರದ ಹಳ್ಳಿಯ ಚರ್ಚಿನಲ್ಲಿ ಗಂಟೆ ಬಾರಿಸುತ್ತಿದ್ದವರು. ಹುಟ್ಟಾ ಟೋರಿ. ಅವರಿರುವುದು ಕೌನ್ಸಿಲ್, ಅಂದರೆ ಊರಿನ ಸ್ಥಳೀಯ ಆಡಳಿತ, ಬಾಡಿಗೆಗೆ ಕೊಡಲು ಕಟ್ಟಿಸಿದ ಮನೆ. ಥ್ಯಾಚರ್ ಸರ್ಕಾರದ 1980ರ ಕಾನೂನಿನಲ್ಲಿ ಬಾಡಿಗೆದಾರರಿಗೆ ತಾವಿರುವ ಮನೆ ಕೊಳ್ಳುವ ಹಕ್ಕು ಸಿಕ್ಕಿತು. ಬೆಲೆಯಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ರಿಯಾಯಿತಿ. ಅದರಲ್ಲೇ ಕೊಂಡರು. ಮೊದಲು ಮಾಡಿದ ಕೆಲಸ ಬಾಗಿಲಿಗೆ ಹಸಿರು ಬಣ್ಣ. ಕೌನ್ಸಿಲ್‌ನವರು ಬೀದಿಗೆಲ್ಲ ಒಂದೇ ಬಣ್ಣ ಹೊಡೆಸುತ್ತಿದ್ದರಂತೆ. "ಆ ಹೆಂಗಸು ನನಗೆ ಬಾಗಿಲು ಕೊಟ್ಟಳು" ಅನ್ನುತ್ತಾರೆ. ಮರುಕ್ಷಣವೇ, "ಭಾನುವಾರ ಕಿತ್ತುಕೊಂಡಳು." ದೊಡ್ಡ ಅಂಗಡಿಗಳಿಗೆ ಭಾನುವಾರ ತೆಗೆಯಲು ಬಿಟ್ಟ 1994ರಲ್ಲಿ ಪ್ರಧಾನಿ ಜಾನ್ ಮೇಜರ್ ಅಂತ ನಾನು ಹೇಳಿದರೆ ಕೈ ಬೀಸುತ್ತಾರೆ. ಮಗನಿಗೆ ಈ ಊರಲ್ಲಿ ಮನೆ ಕೊಳ್ಳಲು ಆಗಲಿಲ್ಲ. ಬಾಡಿಗೆಗೆ ಕೌನ್ಸಿಲ್ ಮನೆ ಸಿಗಲಿಲ್ಲ, ಎಲ್ಲ ಮಾರಾಟವಾಗಿದ್ದವು.

ಮನೆ ಅಂದಾಗ ಇನ್ನೊಬ್ಬ ಹಳೇ ಟೋರಿ ನೆನಪಾಗುತ್ತಾರೆ, ಮಾಜಿ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್. ಥ್ಯಾಚರ್ ಸರ್ಕಾರಿ ಕಂಪನಿಗಳನ್ನು ಮಾರುತ್ತಿದ್ದಾಗ, 1985ರಲ್ಲಿ, ಕೈ ಖಾಲಿಯಾದ ಮನೆತನದವರು ಮೊದಲು ಬೆಳ್ಳಿ ಪಾತ್ರೆ ಮಾರುತ್ತಾರೆ, ಆಮೇಲೆ ಮೇಜು ಕುರ್ಚಿ, ಆಮೇಲೆ ಚಿತ್ರಪಟ ಅಂತ ಚುಚ್ಚಿದರು. ನಮ್ಮ ಕಡೆಯ ವಾಡೆಗಳಿಂದ ತೊಲೆ, ಬಾಗಿಲು, ಹಿತ್ತಾಳೆ ಹಂಡೆ ಹೋದ ಹಾಗೆ. ಮ್ಯಾಕ್‌ಮಿಲನ್ ದೊಡ್ಡ ಮನೆಯವರು, ಅವರಿಗೆ ಹಾಗೆ ಅನ್ನೋದು ಸಲೀಸು. ಹಸಿರು ಬಾಗಿಲಿನ ಸುಖ ಅವರಿಗೆ ಗೊತ್ತಿತ್ತೋ ಇಲ್ಲವೋ.

ಜಗಳ ಮುಗಿದಿಲ್ಲ. 2016ರಲ್ಲಿ ಕನ್ಸರ್ವೇಟಿವ್ ಪ್ರಧಾನಿ ಡೇವಿಡ್ ಕ್ಯಾಮರನ್ ಸರ್ಕಾರ ಭಾನುವಾರದ ಗಂಟೆಗಳನ್ನು ಊರ ಕೌನ್ಸಿಲ್‌ಗಳೇ ನಿರ್ಧರಿಸಲಿ ಅಂತ ಹೊರಟಿತು. 31 ಮತಗಳಿಂದ ಸೋತಿತು. ಮತ್ತೆ ಸ್ವಂತ ಪಕ್ಷದವರೇ ಕೈ ಕೊಟ್ಟರು. ಸ್ಕಾಟ್ಲೆಂಡಿನಲ್ಲಿ ಇನ್ನೂ ತಮಾಷೆ. ಅಲ್ಲಿ ಈ ಕಾನೂನೇ ಇಲ್ಲ, ಅಂಗಡಿ ಎಷ್ಟು ಹೊತ್ತು ಬೇಕಾದರೂ ತೆಗೆಯಬಹುದು. ಆದರೂ ಲೂಯಿಸ್ ದ್ವೀಪದ ಸ್ಟಾರ್ನೊವೇ ಊರಲ್ಲಿ ದೊಡ್ಡ ಸೂಪರ್‌ಮಾರ್ಕೆಟ್ ಭಾನುವಾರ ಮುಚ್ಚಿಯೇ ಇರುತ್ತಿತ್ತು. ಅಲ್ಲಿಯ ಜನರ ರೂಢಿ ಅದು. 2024ರ ನವೆಂಬರ್‌ನಲ್ಲಿ ಅದೂ ತೆರೆಯಿತು. ಕಾನೂನು ಇಲ್ಲದೆ ಇಷ್ಟು ವರ್ಷ ಉಳಿದಿದ್ದು ದೊಡ್ಡದೋ, ಕೊನೆಗೂ ಹೋದದ್ದು ದೊಡ್ಡದೋ, ನನಗಿನ್ನೂ ಬಗೆಹರಿದಿಲ್ಲ.

ಈಗ ಭಾನುವಾರ ಸಂಜೆ ಮೊಸರು ಬೇಕಾದರೆ ಬೀದಿ ಕೊನೆಯ ಅಂಗಡಿಗೆ ಹೋಗುತ್ತೇನೆ. ಚಿಕ್ಕ ಅಂಗಡಿ, ಗಡಿಯಾರದ ಕಾಟವಿಲ್ಲ. ನಡೆಸುವವರು ಗುಜರಾತಿ ಭಾಯಿ, ಪೂರ್ವ ಆಫ್ರಿಕಾದಿಂದ ಬಂದ ಮನೆತನ. ದೊಡ್ಡ ಅಂಗಡಿಗಳಿಗೂ ದಿನವಿಡೀ ತೆಗೆಯಲು ಬಿಟ್ಟರೆ ಏನಂತೀರಿ ಅಂತ ಒಮ್ಮೆ ಕೇಳಿದೆ. "ಬೇಡ ಬೇನ್, ಭಾನುವಾರ ಪವಿತ್ರ ದಿನ" ಎಂದು ಜೋರಾಗಿ ನಕ್ಕರು. ನಾಲ್ಕರ ಮೇಲೆ ಅವರ ವಾರದ ಒಳ್ಳೆಯ ವ್ಯಾಪಾರ ಅದೇ. ಅವರು ಯಾವಾಗ ರಜೆ ತಗೋತಾರೆ ಅಂತಲೂ ಕೇಳಿದೆ. ಮೊಸರಿನ ಡಬ್ಬಿ ಚೀಲಕ್ಕೆ ಹಾಕುತ್ತಾ, "ಕ್ರಿಸ್‌ಮಸ್ ದಿನ," ಅಂದರು. ಸ್ವಲ್ಪ ಯೋಚಿಸಿ, "ಮಧ್ಯಾಹ್ನದ ಮೇಲೆ."